ಹತ್ತಿ ಎಲಿ ಮ್ಯಾಲ ಚುಕ್ಕಿ ಬಂದ್ರ ಮೊದಲ ಎಲಿ ತಿರುವಿ ನೋಡ್ರಿ

ದಸರಾ ಮುಗದು ಬೆಳಗಿನ ಮಂಜು ಚಾಲೂ ಆತಂದ್ರ ಬೈಲಹೊಂಗಲ, ಸವದತ್ತಿ, ರಾಮದುರ್ಗ ಕಡೆ ಎರಿ ಹೊಲದಾಗ ಹತ್ತಿ ಎಲಿ ಮ್ಯಾಲ ಏನಾರ ಒಂದು ಕಾಣಿಸ್ಕೋತೈತಿ. ಎಲಿ ಹರ್ಕೊಂಡು ಅಂಗಡಿಗೆ ಹೋದ್ರ ಹುಳಕ್ಕೊಂದು, ರೋಗಕ್ಕೊಂದು, ಮ್ಯಾಲೊಂದು ಟಾನಿಕ್ ಅಂತ ಮೂರು ಬಾಟ್ಲಿ ಕೈಗೆ ಬರ್ತಾವ. ಅದಕ್ಕ ಮೊದಲ ಹೊಲದಾಗ ನಿಂತು ರೋಗ ಯಾವ್ದು ಅನ್ನೂದು ಖಾತ್ರಿ ಮಾಡ್ಕೋರಿ.

ಗಿಡದ ಬುಡಕಿನ ಹಳೇ ಎಲಿ ತಿರುವಿ ನೋಡ್ರಿ. ಕೆಳಗಿನ ಮೈಗೆ ನರದ ನಡುಕ ಚೌಕ ಚೌಕಾಗಿ ಬೂದಿ ಉದುರಿಸಿದಂಗ ಬೆಳ್ಳಗ ಕಂಡ್ರ ಅದು ಬೂದು ರೋಗ, ದಹಿಯಾ ಅಂತಾರಲ್ಲ ಅದ. ತಂಪು, ಇಬ್ಬನಿ, ದಟ್ಟ ಗಿಡ ಇದಕ್ಕ ಬೇಕಾದ್ದು. ಜವಾರಿ ಹತ್ತಿಗೆ ಭಾಳ ಬರ್ತೈತಿ. ಕಂದು ಚುಕ್ಕಿ ದುಂಡಗ ಇದ್ದು ಒಳಗ ಬಳಿ ಬಳಿ ಇದ್ರ, ಆಮ್ಯಾಲ ನಡುಕ ಒಣಗಿ ತೂತು ಬಿದ್ರ ಅಲ್ಟರ್ನೇರಿಯಾ ಅನ್ನೂ ಶಿಲೀಂಧ್ರದ ಚುಕ್ಕಿ ರೋಗ. ಉಬ್ಬಿದ ಸಣ್ಣ ಗುಳ್ಳಿ ಇದ್ದು, ಬಟ್ಟು ಹಚ್ಚಿ ತಿಕ್ಕಿದ್ರ ತುಕ್ಕಿನ ಪುಡಿ ಹತ್ತಿದ್ರ ತುಕ್ಕು ರೋಗ, ಇದರಾಗ ಅನುಮಾನ ಬರೂದಿಲ್ಲ.

ಮೋಸ ಆಗೂದು ಎಲಿ ಕೆಂಪಾದಾಗ ನೋಡ್ರಿ. ನರ ಹಸಿರು ಉಳದು ನಡುಕಷ್ಟ ಕೆಂಪಾದ್ರ ಅದು ಶಿಲೀಂಧ್ರ ಅಲ್ಲ, ಮೆಗ್ನೀಸಿಯಂ ಕೊರತಿ, ರಾತ್ರಿ ಥಂಡಿ ಬಿದ್ರ ಇನ್ನೂ ಜೋರಾಗ್ತೈತಿ, ಅದಕ್ಕ ಲೀಟರಿಗೆ 10 ಗ್ರಾಂ ಮೆಗ್ನೀಸಿಯಂ ಸಲ್ಫೇಟ್ ಹೊಡದ್ರ ಸಾಕು. ಎಲಿ ಅಂಚು ಕೆಳಗ ಮಡಚಿ ಕೆಂಪಾಗಿದ್ರ ಜಿಗಿಹುಳ. ನೀರು ಕುಡದಂಗ ಮೂಲಿ ಮೂಲಿಯ ಚುಕ್ಕಿ ಎದ್ದು ನರದ ಗುಂಟ ಕಪ್ಪಾದ್ರ ದುಂಡಾಣು ರೋಗ. ಇವಕ್ಕೆಲ್ಲ ಕಾರ್ಬೆಂಡಜಿಮ್ ಅನ್ನೂ ಶಿಲೀಂಧ್ರದ ಔಷಧ ಹೊಡದ್ರ ರೊಕ್ಕ ನೀರಾಗ ಹಾಕಿದಂಗ.

ಇನ್ನ ಪ್ರಮಾಣ, 16 ಲೀಟರ್ ಪಂಪಿನ ಲೆಕ್ಕದಾಗ ಹೇಳ್ತೀನಿ. ಬೂದು ರೋಗಕ್ಕ ಕಾರ್ಬೆಂಡಜಿಮ್ 16 ಗ್ರಾಂ, ಇಲ್ಲಂದ್ರ ನೀರಾಗ ಕರಗೂ ಗಂಧಕ ಸುಮಾರು 50 ಗ್ರಾಂ, ಆದ್ರ ಗಂಧಕಾ ಸುಡುಬಿಸಲಾಗ ಹೊಡೀಬ್ಯಾಡ್ರಿ ಎಲಿ ಸುಡ್ತಾವ. ಅಲ್ಟರ್ನೇರಿಯಾಕ್ಕ ಮ್ಯಾಂಕೋಜೆಬ್ 40 ಗ್ರಾಂ, ತುಕ್ಕಿಗೆ ಪ್ರೊಪಿಕೊನಜೋಲ್ 16 ಎಂಎಲ್. ರೋಗ ಹಬ್ಬೂ ಲಕ್ಷಣ ಇದ್ರ 15 ದಿನ ಬಿಟ್ಟು ಇನ್ನೊಮ್ಮೆ ಹೊಡೀರಿ, ಎರಡೂ ಸಲ ಒಂದ ಔಷಧ ಬ್ಯಾಡ. ನಾಜಲ್ ಕೆಳಗಿಂದ ಮ್ಯಾಲ ಹಿಡೀರಿ, ಎಲಿ ಹಿಂದ ಇರೂ ಬೂದಿಗೆ ಮ್ಯಾಲಿಂದ ಹೊಡದ್ರ ಏನೂ ಮುಟ್ಟೂದಿಲ್ಲ. ಮಾರಿಗೆ ಬಟ್ಟಿ ಕಟ್ಕೋರಿ, ಗಾಳಿಗೆ ಎದರಾಗಿ ನಿಂದರಬ್ಯಾಡ್ರಿ, ಡಬ್ಬಿ ಮ್ಯಾಲಿನ ಚೀಟಿ ಓದ್ರಿ. ಸಂಶಯ ಇದ್ರ ಎಲಿ ತಗೊಂಡು ರೈತ ಸಂಪರ್ಕ ಕೇಂದ್ರಕ್ಕ ಹೋಗ್ರಿ, ಇಲ್ಲಂದ್ರ ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕ ಫೋನ್ ಹಚ್ರಿ, ಕನ್ನಡದಾಗ ಮಾತಾಡ್ತಾರ.

ಇನ್ನೊಂದು, ಕಾಯಿ ಎಲ್ಲಾ ಒಡದು ಕಡೀಕ ಬಿಡಿಸೂದಷ್ಟ ಉಳದಿದ್ರ ಬುಡದ ಎಲಿ ನೋಡಿ ಗಾಬ್ರಿ ಆಗಿ ಖರ್ಚು ಮಾಡಬ್ಯಾಡ್ರಿ. ಹೂವು, ಎಳೇ ಕಾಯಿ ಇದ್ದಾಗಿನ ಮಾತು ಬ್ಯಾರೆ, ಅವಾಗ ಎಲಿ ಉದುರಿದ್ರ ಕಾಯಿ ತೂಕ ಬರೂದಿಲ್ಲ. ಮುಂದಿನ ವರ್ಷ ಸಾಲು ಸ್ವಲ್ಪ ಅಗಲ ಬಿಡ್ರಿ, ಯೂರಿಯಾ ಕೈ ಹಿಡದು ಹಾಕ್ರಿ, ಉದುರಿದ ಎಲಿ, ಹತ್ತಿ ಕಟಗಿ ಹೊಲದ ಬದುವಿಗೆ ಒಟ್ಟಬ್ಯಾಡ್ರಿ, ಸಾಧ್ಯ ಆದ್ರ ಆ ಹೊಲಕ್ಕ ಒಂದು ವರ್ಷ ಜ್ವಾಳಾ ಹಾಕ್ರಿ.