ಒಬ್ಬರೇ ಹೊರಡುವ ಮುನ್ನ: ಮಹಿಳೆಯರ ಮೊದಲ ದೂರ ನಡಿಗೆಗೆ ಸಿದ್ಧತೆ

ಹಲವು ದಿನಗಳ ನಡಿಗೆಗೆ ಮೊದಲ ಬಾರಿ ಒಬ್ಬರೇ ಹೊರಡುವ ಮಹಿಳೆಗೆ ಸುತ್ತಲಿನವರು ಹೇಳುವ ಎಚ್ಚರಿಕೆಯ ಮಾತುಗಳೆಲ್ಲ ಬಹುತೇಕ ಅಪರಿಚಿತರ ಕುರಿತಾಗಿರುತ್ತವೆ. ಅರ್ಧಕ್ಕೇ ಹಿಂತಿರುಗಿದವರಲ್ಲಿ ನಾನು ಮತ್ತೆ ಮತ್ತೆ ಕಂಡಿರುವುದು ಮಾತ್ರ ಕೆಂಪಾಗಿ ಕಂದಿದ ಹೆಗಲು ಮತ್ತು ಸುಲಿದ ಹಿಮ್ಮಡಿ. ಆದ್ದರಿಂದ ಇಲ್ಲಿ ಚೀಲದ ವಿಷಯವನ್ನೇ ಹೆಚ್ಚು ವಿವರವಾಗಿ ಹೇಳುತ್ತೇನೆ.

ಮೊದಲು ದಾರಿಯನ್ನು ಆರಿಸಿಕೊಳ್ಳಿ. ಗುರುತುಗಳು ಸ್ಪಷ್ಟವಾಗಿರುವ, ಮೂರ್ನಾಲ್ಕು ದಿನಗಳಲ್ಲಿ ಮುಗಿಯುವ, ಬೇಕೆನಿಸಿದರೆ ನಡುವೆಯೇ ಹೊರಬರಬಹುದಾದ ದಾರಿ ಸಾಕು. ದಿನದ ದೂರವನ್ನು ಅಂದಾಜು ಮಾಡಲು ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ನೀಡಿದ ಸೂತ್ರ ಇಂದಿಗೂ ಉಪಯುಕ್ತ: ಪ್ರತಿ 5 ಕಿ.ಮೀ.ಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಮತ್ತೊಂದು ಗಂಟೆ. ಇದರಲ್ಲಿ ವಿಶ್ರಾಂತಿಯ ಸಮಯ ಸೇರಿಲ್ಲವಾದ್ದರಿಂದ, ಸೂತ್ರವು ನಾಲ್ಕು ಗಂಟೆ ಎಂದರೆ ಹೊರೆ ಹೊತ್ತ ಹೊಸಬರು ಆರು ಗಂಟೆ ಎಂದೇ ಎಣಿಸಬೇಕು.

ಇನ್ನು ಬೆನ್ನುಚೀಲ. ಇದನ್ನು ನಿಮ್ಮ ಎತ್ತರ ನೋಡಿ ಕೊಳ್ಳಬಾರದು, ಬೆನ್ನಿನ ಉದ್ದ ನೋಡಿ ಕೊಳ್ಳಬೇಕು. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಉಬ್ಬಿ ಕೈಗೆ ಸಿಗುವ ಮೂಳೆಯಿಂದ, ಸೊಂಟದ ಇಬ್ಬದಿಯ ಮೂಳೆಗಳ ಮೇಲಂಚಿನ ಮಟ್ಟದವರೆಗೆ ಇನ್ನೊಬ್ಬರಿಂದ ಟೇಪ್ ಹಿಡಿಸಿ ಅಳತೆ ತೆಗೆಸಿಕೊಳ್ಳಿ. ಅಂಗಡಿಯಲ್ಲಿ ಖಾಲಿ ಚೀಲವನ್ನು ಹೆಗಲಿಗೇರಿಸಿ ಕನ್ನಡಿ ನೋಡಿಕೊಳ್ಳುವುದರಿಂದ ಏನೂ ತಿಳಿಯುವುದಿಲ್ಲ. ಎಂಟು ಹತ್ತು ಕಿಲೋ ಭಾರ ತುಂಬಿಸಿ, ಎಲ್ಲ ಪಟ್ಟಿಗಳನ್ನೂ ಸಡಿಲಿಸಿ, ಆಮೇಲೆ ಹೊತ್ತುಕೊಳ್ಳಿ. ಮೊದಲು ಬಿಗಿಯಬೇಕಾದದ್ದು ಸೊಂಟದ ಪಟ್ಟಿ. ಅದು ಹೊಟ್ಟೆಯ ಸುತ್ತ ಕೂರದೆ, ಪಟ್ಟಿಯ ನಡುಭಾಗವು ಸೊಂಟದ ಮೂಳೆಯ ಅಂಚಿನ ಮೇಲೆಯೇ ಬರುವಂತಿರಬೇಕು. ಬಳಿಕ ಹೆಗಲಪಟ್ಟಿಗಳನ್ನು ಮೈಗೆ ತಾಗುವಷ್ಟು ಮಾತ್ರ ಎಳೆಯಿರಿ. ಅನಂತರ ಹೆಗಲ ಮೇಲಿಂದ ಚೀಲದ ತುದಿಗೆ ಹೋಗುವ ಸಣ್ಣ ಪಟ್ಟಿಗಳನ್ನು, ಕಡೆಯದಾಗಿ ಎದೆಯ ಪಟ್ಟಿಯನ್ನು ಉಸಿರಾಟಕ್ಕೆ ಅಡ್ಡಿಯಾಗದಂತೆ ಹಾಕಿಕೊಳ್ಳಿ. ಈಗ ಹೆಗಲಪಟ್ಟಿಯನ್ನು ಸ್ವಲ್ಪ ಸಡಿಲಿಸಿದರೂ ಭಾರದ ಬಹುಪಾಲು ಸೊಂಟದ ಮೇಲೆಯೇ ನಿಲ್ಲಬೇಕು. ಜಾರಿದರೆ, ಅಥವಾ ಪೂರ್ತಿ ಬಿಗಿದ ಮೇಲೂ ಪಟ್ಟಿಯ ಮೆತ್ತೆಯ ಎರಡು ತುದಿಗಳು ಮುಂದೆ ಒಂದಕ್ಕೊಂದು ತಾಗಿದರೆ, ಆ ಚೀಲ ನಿಮ್ಮದಲ್ಲ.

ಮಹಿಳೆಯರಿಗಾಗಿಯೇ ರೂಪಿಸಿದ ಚೀಲದಲ್ಲಿ ಹೆಗಲಪಟ್ಟಿಗಳು ಎದೆಯನ್ನು ಬಳಸಿ ಬಾಗಿರುತ್ತವೆ, ಸೊಂಟದ ಪಟ್ಟಿಯ ಕೋನವೂ ಬೇರೆಯಾಗಿರುತ್ತದೆ. ಬಣ್ಣವನ್ನಷ್ಟೇ ಬದಲಿಸಿ ಅದೇ ಹೆಸರಿನಲ್ಲಿ ಮಾರುವ ಚೀಲಗಳೂ ಇವೆ. ಅವುಗಳಿಗೆ ದುಡ್ಡು ಸುರಿಯಬೇಡಿ. ಬ್ರಾ ಪಟ್ಟಿಯ ಕೊಂಡಿ ಅಥವಾ ದಪ್ಪ ಹೊಲಿಗೆ ಹೆಗಲಪಟ್ಟಿಯ ಅಡಿಗೆ ಸಿಕ್ಕಿದರೆ ಕೆಲವೇ ಗಂಟೆಗಳಲ್ಲಿ ಚರ್ಮ ಕಿತ್ತುಬರುತ್ತದೆ. ಹಾಗಾಗಿ ನಡಿಗೆಯಲ್ಲಿ ತೊಡುವ ಒಳ ಉಡುಪನ್ನೇ ಧರಿಸಿ ಚೀಲವನ್ನು ಪರೀಕ್ಷಿಸಬೇಕು.

ನೀರು, ಆಹಾರ ಸೇರಿ ಒಟ್ಟು ಹೊರೆ ನಿಮ್ಮ ತೂಕದ ಐದನೇ ಒಂದು ಭಾಗವನ್ನು ಮೀರದಿರಲಿ. 55 ಕಿಲೋ ತೂಗುವವರಿಗೆ 11 ಕಿಲೋ, ಅದರಲ್ಲಿ ಎರಡು ಲೀಟರ್ ನೀರೇ ಎರಡು ಕಿಲೋ. 1955ರಲ್ಲಿ ಅಮೆರಿಕದ ಎಮ್ಮಾ ಗೇಟ್‌ವುಡ್ ತಮ್ಮ 67ನೇ ವಯಸ್ಸಿನಲ್ಲಿ 3,000 ಕಿ.ಮೀ.ಗೂ ಉದ್ದದ ಅಪಲೇಚಿಯನ್ ಟ್ರೇಲನ್ನು ಒಬ್ಬರೇ ನಡೆದು ಮುಗಿಸಿದ್ದು ತಾವೇ ಹೊಲಿದ ಬಟ್ಟೆಯ ಚೀಲವೊಂದನ್ನು ಹೆಗಲಿಗೆ ಹಾಕಿಕೊಂಡು. ‘ಇರಲಿ’ ಎಂದು ತುರುಕಿದ ಪ್ರತಿಯೊಂದು ವಸ್ತುವನ್ನೂ ಹೊರತೆಗೆಯಿರಿ.

ಬೂಟುಗಳನ್ನು ಪಾದ ಊದಿಕೊಂಡಿರುವ ಸಂಜೆಯ ಹೊತ್ತಿನಲ್ಲಿ, ನಡಿಗೆಯ ಕಾಲುಚೀಲ ತೊಟ್ಟೇ ಕೊಳ್ಳಿ. ಬೆರಳುಗಳ ಮುಂದೆ ಒಂದು ಹೆಬ್ಬೆರಳಿನ ಅಗಲ ಜಾಗವಿರಲಿ, ಇಲ್ಲವಾದರೆ ಇಳಿಜಾರಿನಲ್ಲಿ ಉಗುರು ಕಪ್ಪಾಗುತ್ತದೆ. ಹತ್ತಿಯ ಕಾಲುಚೀಲ ಬೆವರನ್ನು ಹಿಡಿದಿಟ್ಟುಕೊಂಡು ಗುಳ್ಳೆ ಏಳಿಸುತ್ತದೆ, ಉಣ್ಣೆಯದು ವಾಸಿ. ಎಲ್ಲಾದರೂ ಉರಿ ಎನಿಸಿದ ಕೂಡಲೇ ನಿಂತು, ಪಾದ ಒರೆಸಿ, ಆ ಜಾಗಕ್ಕೆ ಟೇಪ್ ಅಂಟಿಸಬೇಕು. ಮುಂದಿನ ತಿರುವಿನವರೆಗೆ ಹೋಗೋಣ ಎಂದುಕೊಂಡವರಿಗೆ ಗುಳ್ಳೆ ತಪ್ಪಿದ್ದಲ್ಲ.

ಪೂರ್ಣ ಹೊರೆಯೊಂದಿಗೆ ಸತತ ಎರಡು ದಿನ ನಡೆದು ಅಭ್ಯಾಸ ಮಾಡಿ. ಚೀಲ, ಬೂಟುಗಳ ದೋಷ ಹೊರಬೀಳುವುದು ಎರಡನೆಯ ಬೆಳಿಗ್ಗೆ, ಹಿಂದಿನ ದಿನದ ನೋವಿನ ಮೇಲೆ ಅವನ್ನು ಮತ್ತೆ ತೊಡುವಾಗ.

ಮರೆ ಸಿಗುವುದಿಲ್ಲವೆಂಬ ಅಂಜಿಕೆಯಿಂದ ನೀರು ಕುಡಿಯುವುದನ್ನೇ ಕಡಿಮೆ ಮಾಡುವವರಿದ್ದಾರೆ. ಇದು ನಿರ್ಜಲೀಕರಣಕ್ಕೆ ಎಡೆಮಾಡಿಕೊಡುತ್ತದೆ, ಮೂತ್ರದ ಸೋಂಕಿನ ಅಪಾಯವನ್ನೂ ಹೆಚ್ಚಿಸುತ್ತದೆ. ಚೀಲವನ್ನು ಕಳಚದೆ ಕೂತು ಏಳುವುದನ್ನು ಅಭ್ಯಾಸದ ದಿನಗಳಲ್ಲೇ ರೂಢಿಸಿಕೊಳ್ಳಿ. ಶ್ರಮದಿಂದ ಮುಟ್ಟಿನ ದಿನಾಂಕ ಹಿಂದುಮುಂದಾಗಬಹುದಾದ್ದರಿಂದ ಬೇಕಾದ ಸಾಮಗ್ರಿ ಜೊತೆಯಲ್ಲಿರಲಿ. ಮುಟ್ಟಿನ ಕಪ್ ಬಳಸುವ ಯೋಚನೆಯಿದ್ದರೆ ಮೊದಲ ಪ್ರಯೋಗವನ್ನು ಮನೆಯಲ್ಲೇ ಮಾಡಿ.

ನಕ್ಷೆಯನ್ನು ಫೋನಿಗೆ ಇಳಿಸಿಕೊಳ್ಳಿ, ಕಾಗದದ ಪ್ರತಿಯನ್ನೂ ಇಟ್ಟುಕೊಳ್ಳಿ. ಸೀಟಿ ಎದೆಯ ಪಟ್ಟಿಯಲ್ಲಿರಲಿ: ನಿಮಿಷಕ್ಕೆ ಆರು ಬಾರಿ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದುವುದು ಬೆಟ್ಟಗುಡ್ಡಗಳಲ್ಲಿ ಅಪಾಯದ ಸಂಕೇತ. ಎಲ್ಲಿದ್ದೀರಿ ಎಂಬುದನ್ನು ಸಾಮಾಜಿಕ ಜಾಲತಾಣದಲ್ಲಿ ಆಗಿಂದಾಗ್ಗೆ ಪ್ರಕಟಿಸಬೇಡಿ. ಚಿತ್ರಗಳನ್ನು ಮರಳಿದ ಮೇಲೆ ಹಾಕಬಹುದು.

ಕೊನೆಯದಾಗಿ, ನಂಬಿಕಸ್ಥರೊಬ್ಬರಿಗೆ ದಾರಿ, ಪ್ರತಿ ರಾತ್ರಿಯ ತಂಗುದಾಣ, ಚೀಲ ಮತ್ತು ಜಾಕೆಟ್ಟಿನ ಬಣ್ಣವನ್ನು ಬರೆದುಕೊಡಿ. ‘ಆಗಾಗ ಫೋನ್ ಮಾಡುತ್ತೇನೆ’ ಎಂಬ ಮಾತು ಸಾಲದು. ದಿನಕ್ಕೊಮ್ಮೆ ಯಾವ ಹೊತ್ತಿಗೆ ಸಂದೇಶ ಬರುತ್ತದೆ, ಬಾರದಿದ್ದರೆ ಎಷ್ಟು ಹೊತ್ತು ಕಾಯಬೇಕು, ಆಮೇಲೆ ಯಾವ ಸಂಖ್ಯೆಗೆ ಕರೆಮಾಡಬೇಕು ಎಂಬ ಮೂರೂ ಆ ಹಾಳೆಯಲ್ಲಿರಬೇಕು. ಹೊರಡುವ ಮೊದಲು ಅದನ್ನು ಅವರಿಂದಲೇ ಒಮ್ಮೆ ಓದಿಸಿ.