ಬಿಟ್ ಈಗ ಎಲ್ಲಿದೆ? ಕೈಲೆಕ್ಕದಲ್ಲಿ ಬಾವಿಯ ದಾರಿ ಹಿಡಿದ ನನ್ನ ಅನುಭವ

ನಮ್ಮೂರು ಅರಸೀಕೆರೆ ಕಡೆ. ಕೆಲವು ವರ್ಷದ ಹಿಂದೆ ತೆಂಗಿನ ತೋಟದಲ್ಲಿ ಬೋರ್ ಕೊರೆಸಿದ್ದೆವು. ಮೋಟರ್ ಇಳಿಸುವಾಗ ಅರ್ಧದಲ್ಲೇ ಕಚ್ಚಿಕೊಂಡಿತು. ಎತ್ತಿ ಇಳಿಸಿ, ಎತ್ತಿ ಇಳಿಸಿ ಸಾಕಾಯಿತು. "ಬೋರು ವಾಲಿದೆ ಸಾರ್" ಅಂದರು ಪೈಪ್ ಇಳಿಸುವವರು. ಅಪ್ಪ ನನ್ನ ಮುಖ ನೋಡಿದರು. ವಾಲಿಸಿ ಕೊರೆಯುವುದೇ ನನ್ನ ಕೆಲಸ ಅಂತ ಅವರಿಗೆ ಗೊತ್ತಲ್ವಾ.

ನಾನು ತೈಲ ಬಾವಿಗಳಲ್ಲಿ ಡೈರೆಕ್ಷನಲ್ ಡ್ರಿಲ್ಲರ್. 28 ದಿನ ಗೋದಾವರಿ ಸೀಮೆಯ ರಿಗ್‌ನಲ್ಲಿ, 28 ದಿನ ಊರಲ್ಲಿ. ತೈಲ ಇರುವ ಜಾಗದ ನೆತ್ತಿಯ ಮೇಲೆ ಊರೋ ಹೊಳೆಯೋ ಇದ್ದರೆ ಪಕ್ಕದಲ್ಲಿ ರಿಗ್ ನಿಲ್ಲಿಸಿ ಓರೆಯಾಗಿ ಕೊರೆಯುತ್ತೇವೆ. ಸಮುದ್ರದಲ್ಲಿ ಒಂದೇ ಪ್ಲಾಟ್‌ಫಾರ್ಮ್‌ನಿಂದ ಹತ್ತಾರು ಬಾವಿ ಹರಡಿಕೊಂಡು ಹೋಗುವುದೂ ಹೀಗೇ. ರಜೆಯಲ್ಲಿ ಹಾಸನದ ಅಕ್ಕನ ಮನೆಗೆ ಹೋದಾಗ, ಪಿಯುಸಿ ಓದುವ ಅವಳ ಮಗ ನನ್ನ ನೋಟ್‌ಬುಕ್ ತಿರುವಿ ಹಾಕಿ ಕೇಳಿದ: "ಮಾವ, ಇಷ್ಟೆಲ್ಲ ಸಾಫ್ಟ್‌ವೇರ್ ಇರುವಾಗ ಕೈಯಲ್ಲಿ ಯಾಕೆ ಲೆಕ್ಕ ಹಾಕ್ತೀರಾ?" ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯಲ್ಲಿ ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹ ಎಲ್ಲಿದೆ ಅಂತ ನೋಡುತ್ತಾ ಕೂರುತ್ತಾರೆ ಅನ್ನುವುದು ಅವನಿಗೆ ಗೊತ್ತು. ಎರಡು ಕಿ.ಮೀ. ಕೆಳಗಿರುವ ಬಿಟ್, ಅಂದರೆ ಪೈಪ್ ತುದಿಯ ಕೊರೆಯುವ ಹಲ್ಲು, ಎಲ್ಲಿದೆ ಅಂತ ಹೇಳುವುದಕ್ಕೆ ನೋಟ್‌ಬುಕ್ ಯಾಕೆ ಅನ್ನುವುದು ಅವನ ಪ್ರಶ್ನೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಸಂಗತಿ: ಬಿಟ್ ಎಲ್ಲಿದೆ ಅಂತ ಯಾವ ಯಂತ್ರಕ್ಕೂ ನೇರವಾಗಿ ಕಾಣುವುದಿಲ್ಲ. ಅಳೆಯುವ ಸೆನ್ಸರ್ ಬಿಟ್‌ನ ಪಕ್ಕ ಇರುವುದಿಲ್ಲ. ಬಿಟ್‌ನ ಹಿಂದೆ ಅದನ್ನು ತಿರುಗಿಸುವ, ಸ್ವಲ್ಪ ಬೆಂಡ್ ಇರುವ ಮೋಟರ್, ಅದರ ಹಿಂದೆ ಬೇರೆ ಪೈಪು, ಆಮೇಲೆ ಸೆನ್ಸರ್. ನಮ್ಮ ಜೋಡಣೆಗಳಲ್ಲಿ 14ರಿಂದ 20 ಮೀಟರ್ ಹಿಂದೆ. ಪೈಪ್ ಜೋಡಿಸಲು ನಿಲ್ಲಿಸಿದಾಗ ಅದು ಮೂರು ಮಾತು ಹೇಳುತ್ತದೆ. ಎಷ್ಟು ಆಳದಲ್ಲಿದ್ದೇನೆ, ಲಂಬದಿಂದ ಎಷ್ಟು ಡಿಗ್ರಿ ವಾಲಿದ್ದೇನೆ, ಯಾವ ದಿಕ್ಕಿಗೆ ಮುಖ ಮಾಡಿದ್ದೇನೆ. ಇದಕ್ಕೆ ಸರ್ವೆ ಅನ್ನುತ್ತೇವೆ. ನಿಜ ಹೇಳಬೇಕೆಂದರೆ ಅದು ಹೇಳುವುದು ಎರಡೇ. ಆಳವನ್ನು ನಾವೇ ಪೈಪ್‌ಗಳ ಉದ್ದ ಕೂಡಿಸಿ, ಸೆನ್ಸರ್ ದೂರ ಕಳೆದು ಬರೆಯುತ್ತೇವೆ. ನನಗೆ ಪೆಟ್ಟು ಬಿದ್ದಿದ್ದು ಈ ಕಳೆಯುವ ಲೆಕ್ಕದಲ್ಲೇ.

ಕೆಲಸಕ್ಕೆ ಸೇರಿ ಎರಡನೇ ವರ್ಷ. ಬಿಟ್ ಸವೆದು, ಎಲ್ಲ ಮೇಲೆತ್ತಿ, ಹೊಸ ಜೋಡಣೆ ಇಳಿಸಿದ್ದೆವು. ಹಳೆಯದರಲ್ಲಿ ಸೆನ್ಸರ್ ದೂರ 14 ಮೀಟರ್, ಹೊಸದರಲ್ಲಿ 19. ಲ್ಯಾಪ್‌ಟಾಪ್‌ನಲ್ಲಿ 14 ಹಾಗೇ ಉಳಿದಿತ್ತು. ಬದಲಿಸಬೇಕಾದವನು ನಾನೇ, ಬದಲಿಸಿರಲಿಲ್ಲ.

1835ರಿಂದ 1844 ಮೀಟರ್‌ವರೆಗೆ ಸ್ಲೈಡ್ ಮಾಡಿದೆ. ಸ್ಲೈಡ್ ಅಂದರೆ ಪೈಪ್ ತಿರುಗಿಸದೆ, ಮೋಟರ್‌ನ ಬೆಂಡನ್ನು ಬೇಕಾದ ಕಡೆ ನಿಲ್ಲಿಸಿ, ಪೈಪ್ ಒಳಗೆ ಪಂಪ್ ಮಾಡುವ ಮಡ್ (ಕೆಸರಿನಂಥ ದ್ರವ) ಒತ್ತಡದಲ್ಲಿ ಬಿಟ್ ಒಂದನ್ನೇ ತಿರುಗಿಸಿ ಮುಂದೆ ನೂಕುವುದು. ಬಾವಿ ಬಗ್ಗುವುದು ಆಗಲೇ. ಆಮೇಲೆ 1858ರವರೆಗೆ ಇಡೀ ಪೈಪ್ ತಿರುಗಿಸಿ ನೇರ ಹೋದೆ. ನಮ್ಮ ಮೋಟರ್ ಒಂದು ಮೀಟರ್‌ಗೆ 0.3 ಡಿಗ್ರಿ ಬಗ್ಗಿಸುತ್ತಿತ್ತು. 9 ಮೀಟರ್‌ಗೆ 2.7 ಡಿಗ್ರಿ ಬರಬೇಕು. ಸರ್ವೆ ನೋಡಿದರೆ 1.2 ಮಾತ್ರ.

ಮೋಟರ್ ಸೋತಿದೆ ಅಂದುಕೊಂಡೆ. ಜಾಸ್ತಿ ಸ್ಲೈಡ್ ಮಾಡೋಣ ಅಂತ 20 ಮೀಟರ್ ಬರೆದುಕೊಟ್ಟು ಶುರು ಮಾಡಿಸಿದೆ. 8 ಮೀಟರ್ ಆಗುವಷ್ಟರಲ್ಲಿ ಹಿರಿಯರೊಬ್ಬರು ಪಾಳಿಗೆ ಬಂದರು. ಲ್ಯಾಪ್‌ಟಾಪ್ ಕಡೆ ನೋಡಲೇ ಇಲ್ಲ. ಒಂದು ಹಾಳೆ ಕೊಟ್ಟು "ಸೆನ್ಸರ್ ಎಲ್ಲಿದೆ ಬರಿ, ಸ್ಲೈಡ್ ಎಲ್ಲಿಂದ ಎಲ್ಲಿಗೆ ಬರಿ" ಅಂದರು. ಬರೆಯಲು ಪೈಪ್‌ಗಳ ಉದ್ದ ಬರೆದಿಡುವ ಟ್ಯಾಲಿ ಪುಸ್ತಕ ತೆಗೆದು ಒಂದೊಂದೇ ಪೈಪ್ ಕೂಡಿಸುತ್ತಾ ಹೋದೆ. 19 ಬಂತು. ಕೈ ನಿಂತುಹೋಯಿತು. ಸರ್ವೆ ತೆಗೆದಾಗ ಸೆನ್ಸರ್ ಇದ್ದಿದ್ದು 1844ರಲ್ಲಿ ಅಲ್ಲ, 1839ರಲ್ಲಿ. 9 ಮೀಟರ್ ಸ್ಲೈಡ್‌ನಲ್ಲಿ ಅದು ಕಂಡಿದ್ದು 4 ಮೀಟರ್. 4 ಸಲ 0.3 ಅಂದರೆ ಸರಿಯಾಗಿ 1.2. ಮೋಟರ್ ಚೆನ್ನಾಗಿಯೇ ಇತ್ತು.

ಅಷ್ಟರಲ್ಲಿ 31 ಮೀಟರ್‌ನಲ್ಲಿ ಐದು ಡಿಗ್ರಿ ಬಗ್ಗಿಸಿ ಆಗಿತ್ತು. ಪ್ಲಾನ್‌ನಲ್ಲಿ ಇದ್ದದ್ದು 30 ಮೀಟರ್‌ಗೆ ಮೂರು. ಇಂಥ ಕಡಿದಾದ ತಿರುವನ್ನು ಡಾಗ್‌ಲೆಗ್ ಅನ್ನುತ್ತೇವೆ. ಶಿರಾಡಿ ಘಾಟಿಯಲ್ಲಿ ಕಾರು ತಿರುಗುವ ತಿರುವಿನಲ್ಲಿ ಉದ್ದನೆಯ ಟ್ರೈಲರ್ ಹೇಗೆ ಒದ್ದಾಡುತ್ತದೆ ನೋಡಿದ್ದೀರಲ್ವಾ? ಬಿಟ್ ದಾಟುವ ತಿರುವಿನಲ್ಲಿ ಕೇಸಿಂಗ್ ಪೈಪ್ ದಾಟುವುದು ಹಾಗೇ ಕಷ್ಟ. ಆ ಜಾಗವನ್ನು ಮೇಲೆ ಕೆಳಗೆ ಉಜ್ಜಿ ಉಜ್ಜಿ ಸರಿಮಾಡಿದೆವು. ಕೇಸಿಂಗ್ ಅಲ್ಲಿ ತಿಣುಕಿಕೊಂಡೇ ಇಳಿಯಿತು. ಆ 20 ಮೀಟರ್ ಪೂರ್ತಿ ಆಗಿದ್ದರೆ ಏನಾಗುತ್ತಿತ್ತು ಅಂತ ನೆನೆಸಿಕೊಂಡರೆ ಈಗಲೂ ಹೊಟ್ಟೆ ತಳಮಳಿಸುತ್ತದೆ.

ಅಂದಿನಿಂದ ಪ್ರತಿ ಸರ್ವೆಗೂ ಕೈಯಲ್ಲಿ ಲೆಕ್ಕ ಹಾಕಿ, ಆಮೇಲೆ ಪರದೆ ನೋಡುತ್ತೇನೆ. ಅಕ್ಕನ ಮಗನಿಗೆ ಹಾಕಿ ತೋರಿಸಿದ ಲೆಕ್ಕ ಇದು. ಕ್ಯಾಲ್ಕ್ಯುಲೇಟರ್ ಹಿಡಿದ ತಕ್ಷಣ ಸೈನ್ 30 ಒತ್ತಿ. 0.5 ಬರದಿದ್ದರೆ ಅದು ಡಿಗ್ರಿಯಲ್ಲಿಲ್ಲ, ಬಹುಶಃ ರೇಡಿಯನ್‌ನಲ್ಲಿದೆ.

ಸರ್ವೆ 2140 ಮೀಟರ್‌ನಲ್ಲಿ. ವಾಲು 28 ಡಿಗ್ರಿ, ದಿಕ್ಕು ಉತ್ತರದಿಂದ ಬಲಕ್ಕೆ ಎಣಿಸಿ 112 ಡಿಗ್ರಿ. ಬಿಟ್ 2157ರಲ್ಲಿ, ಅಂದರೆ 17 ಮೀಟರ್ ಮುಂದೆ. ಈ 17ರಲ್ಲಿ 10 ಮೀಟರ್ ಸ್ಲೈಡ್, 7 ಮೀಟರ್ ನೇರ. ಸ್ಲೈಡ್‌ನಲ್ಲಿ ಬೆಂಡ್ ಇಟ್ಟಿದ್ದು ವಾಲಿದ ಬಾವಿಯ ಮೇಲ್ಬದಿಯಿಂದ 30 ಡಿಗ್ರಿ ಬಲಕ್ಕೆ. ಇದು ಟೂಲ್‌ಫೇಸ್.

10 ಮೀಟರ್‌ಗೆ 0.3ರಂತೆ ಒಟ್ಟು ಬಾಗು 3 ಡಿಗ್ರಿ. ಅದರಲ್ಲಿ ಒಂದು ಪಾಲು ವಾಲು ಹೆಚ್ಚಿಸುತ್ತದೆ, ಇನ್ನೊಂದು ಪಾಲು ದಿಕ್ಕು ತಿರುಗಿಸುತ್ತದೆ. ವಾಲಿನ ಪಾಲು 3 ಸಲ ಕಾಸ್ 30, ಅಂದರೆ 2.6. ಹಾಗಾಗಿ ಬಿಟ್‌ನಲ್ಲಿ ವಾಲು 30.6. ಪಕ್ಕದ ಪಾಲು 3 ಸಲ ಸೈನ್ 30, ಅಂದರೆ 1.5. ಆದರೆ ದಿಕ್ಕು 1.5 ಮಾತ್ರ ತಿರುಗುವುದಿಲ್ಲ. ಇದನ್ನು ಸರಾಸರಿ ವಾಲಿನ ಸೈನ್‌ನಿಂದ ಭಾಗಿಸಬೇಕು. ಸರಾಸರಿ 29.3, ಅದರ ಸೈನ್ 0.489. ಭಾಗಿಸಿದರೆ 3.1. ದಿಕ್ಕು 115.1 ಆಯಿತು.

ಈ ಭಾಗಾಕಾರ ಯಾಕೆ ಅಂತ ಹುಡುಗ ಬಿಡದೆ ಕೇಳಿದ. ಬಾವಿ ಹೆಚ್ಚು ಕಡಿಮೆ ನೆಟ್ಟಗಿದ್ದಾಗ ಸ್ವಲ್ಪ ತಳ್ಳಿದರೂ ದಿಕ್ಕು ಗಿರ್ರನೆ ತಿರುಗುತ್ತದೆ. ವಾಲು ಬರೀ 3 ಡಿಗ್ರಿ ಇದ್ದರೆ ಅದೇ 1.5 ಡಿಗ್ರಿ ತಳ್ಳಿದ್ದಕ್ಕೆ ಲೆಕ್ಕದಲ್ಲಿ 29 ಡಿಗ್ರಿ ಬರುತ್ತದೆ. ಹೊಸದರಲ್ಲಿ ಈ ಸಂಖ್ಯೆ ನೋಡಿ ನಾನು ಗಾಬರಿಯಾಗಿದ್ದೆ. ಬಾವಿ ಇನ್ನೂ ನೆಟ್ಟಗಿರುವಾಗ ಮೇಲ್ಬದಿ ಅನ್ನುವುದೇ ಸರಿಯಾಗಿ ಸಿಗುವುದಿಲ್ಲ. ಅದಕ್ಕೇ ಅಲ್ಲಿ ಟೂಲ್‌ಫೇಸನ್ನು ಉತ್ತರ ದಿಕ್ಕಿನಿಂದ ಅಳೆಯುತ್ತೇವೆ. ಅಲ್ಲಿ ಈ ಸೂತ್ರ ನಂಬಬೇಡಿ.

ಇನ್ನು ಜಾಗ. ಎರಡು ಕಡೆಯ ವಾಲು, ದಿಕ್ಕುಗಳ ಸರಾಸರಿ ತೆಗೆದುಕೊಂಡರೆ ಸಾಕು: 29.3 ಮತ್ತು 113.5. ಕೆಳಕ್ಕೆ ಇಳಿದದ್ದು 17 ಸಲ ಕಾಸ್ 29.3, ಅಂದರೆ 14.8 ಮೀಟರ್. ಅಡ್ಡಕ್ಕೆ 17 ಸಲ ಸೈನ್ 29.3, ಅಂದರೆ 8.3. ಈ 8.3ನ್ನು ದಿಕ್ಕಿನ ಪ್ರಕಾರ ಒಡೆದರೆ 7.6 ಮೀಟರ್ ಪೂರ್ವಕ್ಕೆ, 3.3 ಮೀಟರ್ ದಕ್ಷಿಣಕ್ಕೆ. ಹಿಂದಿನ ಮೊತ್ತಕ್ಕೆ ಕೂಡಿಸಿ. ಸಾಫ್ಟ್‌ವೇರ್ ಮಿನಿಮಮ್ ಕರ್ವೇಚರ್ ವಿಧಾನ ಬಳಸುತ್ತದೆ. ಎರಡು ಸರ್ವೆಗಳ ನಡುವೆ ನಯವಾದ ಒಂದು ಕಮಾನು ಇದೆ ಅಂತ ಭಾವಿಸುವ ಲೆಕ್ಕ ಅದು. ಇಷ್ಟು ಚಿಕ್ಕ ದೂರಕ್ಕೆ, ಇಷ್ಟು ಕಡಿಮೆ ಬಾಗಿಗೆ ಎರಡಕ್ಕೂ ಒಂದು ಸೆಂಟಿಮೀಟರ್ ವ್ಯತ್ಯಾಸವೂ ಬರುವುದಿಲ್ಲ. ಮೀಟರ್‌ಗಟ್ಟಲೆ ಬಂದರೆ ಸೂತ್ರದ ತಪ್ಪಲ್ಲ, ಯಾರೋ ತಪ್ಪು ಅಂಕಿ ತುಂಬಿದ್ದಾರೆ ಅಂತಲೇ ಅರ್ಥ.

ಮುಂದಿನ ದಾರಿಗೆ ನಾನು ತಲೆಯಲ್ಲಿ ಇಟ್ಟುಕೊಂಡಿರುವ ಅಂಕಿ 1719. ಒಂದು ವೃತ್ತದ 360 ಡಿಗ್ರಿಯನ್ನು 30 ಮೀಟರ್‌ಗೆ ಒಂದು ಡಿಗ್ರಿಯಂತೆ ತಿರುಗಿದರೆ ಆ ವೃತ್ತದ ತ್ರಿಜ್ಯ 1719 ಮೀಟರ್. ಬಿಟ್‌ನಿಂದ 190 ಮೀಟರ್ ಕೆಳಗೆ ಗುರಿ ಇದೆ, ಅಲ್ಲಿಗೆ ಮುಟ್ಟುವಾಗ ವಾಲು 42 ಆಗಿರಬೇಕು ಅಂದುಕೊಳ್ಳಿ. ಸೈನ್ 42ರಲ್ಲಿ ಸೈನ್ 30.6 ಕಳೆದರೆ 0.160. ಇದನ್ನು 1719ರಿಂದ ಗುಣಿಸಿ 190ರಿಂದ ಭಾಗಿಸಿದರೆ 1.45. ಅಂದರೆ 30 ಮೀಟರ್‌ಗೆ 1.45 ಡಿಗ್ರಿ ಬಗ್ಗಬೇಕು. ಮೋಟರ್ ಪೂರ್ತಿ ಸ್ಲೈಡ್‌ನಲ್ಲಿ 30 ಮೀಟರ್‌ಗೆ 9 ಡಿಗ್ರಿ ಕೊಡುತ್ತದೆ. ಹಾಗಾದರೆ 30 ಮೀಟರ್‌ನಲ್ಲಿ ಸುಮಾರು 5 ಮೀಟರ್ ಸ್ಲೈಡ್, ಉಳಿದದ್ದು ನೇರ. ನೇರ ಅಂದರೂ ಕೆಲವು ಪದರದಲ್ಲಿ ಬಾವಿ ತಾನಾಗೇ ಸ್ವಲ್ಪ ಏಳುತ್ತದೆ ಇಲ್ಲವೇ ಬೀಳುತ್ತದೆ. ಅದನ್ನು ಹಿಂದಿನ ಸರ್ವೆಗಳಿಂದ ನೋಡಿಕೊಂಡು ಕೂಡಿಸಬೇಕು, ಕಳೆಯಬೇಕು.

ನನ್ನ ನೋಟ್‌ಬುಕ್‌ನಲ್ಲಿ ಕೊನೆಯ ಕಾಲಂ ಒಂದಿದೆ. ನಾನು ಬರೆದಿದ್ದು ಎಷ್ಟು, ನಿಜವಾಗಿ ಬಂದದ್ದು ಎಷ್ಟು. ಈ ಲೆಕ್ಕದಲ್ಲಿ ಸೆನ್ಸರ್ 2157 ಮುಟ್ಟಿದಾಗ ವಾಲು 30.2, ದಿಕ್ಕು 114.6 ಬಂದಿತ್ತು. ಹುಡುಗ "ತಪ್ಪಾಯ್ತಲ್ಲ ಮಾವ" ಅಂದ. ಹಿಂದಕ್ಕೆ ಲೆಕ್ಕ ಹಾಕು ಅಂದೆ. ವಾಲು ಏರಿದ್ದು 2.2. ದಿಕ್ಕು ತಿರುಗಿದ್ದು 2.6, ಅದನ್ನು ಸೈನ್ 29.1ರಿಂದ ಗುಣಿಸಿದರೆ 1.26. ಎರಡರ ವರ್ಗ ಕೂಡಿಸಿ ಮೂಲ ತೆಗೆದರೆ ಒಟ್ಟು ಬಾಗು 2.5 ಡಿಗ್ರಿ. 1.26ನ್ನು 2.2ರಿಂದ ಭಾಗಿಸಿ ಕೋನ ತೆಗೆದರೆ 30 ಡಿಗ್ರಿ.

ಟೂಲ್‌ಫೇಸ್ ನಾನು ಇಟ್ಟಲ್ಲೇ ನಿಂತಿತ್ತು. ಕಡಿಮೆ ಆಗಿದ್ದು ಮೋಟರ್ ಬಗ್ಗಿಸಿದ್ದು, ಮೀಟರ್‌ಗೆ 0.3ರ ಬದಲು 0.25. ಅದನ್ನೇ ಇಟ್ಟುಕೊಂಡು ಹುಡುಗ ಮತ್ತೆ ಲೆಕ್ಕ ಹಾಕಿ, ಮುಂದಿನ ಸಾಲಿನಲ್ಲಿ ಸ್ಲೈಡ್ 5 ಮೀಟರ್ ಅಂತ ಇದ್ದದ್ದನ್ನು ಹೊಡೆದು 6 ಅಂತ ಬರೆದ. ಆವತ್ತು ರಿಗ್‌ನಲ್ಲಿ ನಾನು ಬರೆದುಕೊಟ್ಟಿದ್ದೂ ಆರೇ.