ಬೋರ್ಡಿನ ಮೇಲೆ ‘ಅಂತೆ’ ಬರೆಯುವುದಿಲ್ಲ

ಮೈಸೂರಿನ ಕುವೆಂಪುನಗರದಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ ಇದೆ. ಹತ್ತಡಿ ಅಗಲ, ಎರಡು ಮೆಷಿನ್. ಪಕ್ಕದಲ್ಲೇ ನಂದಿನಿ ಹಾಲಿನ ಬೂತ್. ಎರಡರ ನಡುವಿನ ಗೋಡೆಗೆ ಒಂದು ಕರಿಹಲಗೆ ತೂಗುಹಾಕಿದ್ದೇನೆ. ನಾಲ್ಕಡಿ ಉದ್ದ, ಮೂರಡಿ ಎತ್ತರ. 2016ರಿಂದ ಅದರ ಮೇಲೆ ನಮ್ಮ ಬೀದಿಗಳ ಸುದ್ದಿ ಬರೆಯುತ್ತಿದ್ದೇನೆ.

ಶುರುವಾಗಿದ್ದು ಸಮಾಜಸೇವೆಗೇನಲ್ಲ. ಗೌರಿ ಹಬ್ಬದ ಸಮಯ. “ನನ್ನ ಬ್ಲೌಸ್ ಆಯ್ತಾ?” ಅಂತ ಬಾಗಿಲಲ್ಲಿ ನಿಂತು ಕೇಳುವವರಿಗೆ ಉತ್ತರ ಹೇಳಿ ಹೇಳಿ ಸಾಕಾಗಿತ್ತು. ರೆಡಿಯಾದ ಬಟ್ಟೆಗಳ ಬಿಲ್ ನಂಬರ್ ಬರೆದು ಹಾಕೋಣ ಅಂತ ಬೋರ್ಡ್ ತಂದೆ. ಒಂದು ದಿನ ಅಂಗಡಿ ಮುಂದೆ ಬೀಗದ ಕೈ ಗೊಂಚಲು ಸಿಕ್ಕಿತು. ಮೂಲೆಯಲ್ಲಿ ಅದನ್ನೂ ಬರೆದೆ. ಹಾಲಿಗೆ ಬಂದವರೊಬ್ಬರು ಓದಿ, ಅರ್ಧ ಗಂಟೆಯಲ್ಲಿ ಕಳೆದುಕೊಂಡವರನ್ನೇ ಕರೆದುಕೊಂಡು ಬಂದರು. ಆಮೇಲೆ ಜನ ತಾವಾಗಿಯೇ ಸುದ್ದಿ ತಂದುಕೊಡಲು ಶುರು ಮಾಡಿದರು. ಟೈಲರ್ ಅಂಗಡಿಗೆ ಸುದ್ದಿ ಬರುವುದು ಹೊಸದೇನಲ್ಲ ಬಿಡಿ. ಅಳತೆ ಕೊಡುವಾಗ ಸುಮ್ನೆ ನಿಲ್ಲುವ ಹೆಂಗಸರನ್ನು ನಾನಂತೂ ನೋಡಿಲ್ಲ.

ಬೋರ್ಡಿನ ಮೇಲೆ ಎಂಟು ಸಾಲು ಹಿಡಿಯುತ್ತದೆ. ಅದಕ್ಕಿಂತ ಜಾಸ್ತಿ ಬರೆದರೆ ಅಕ್ಷರ ಚಿಕ್ಕದಾಗುತ್ತದೆ, ಸ್ಕೂಟರ್ ನಿಲ್ಲಿಸದೆ ಓದುವವರಿಗೆ ಕಾಣುವುದಿಲ್ಲ. ನೀರು, ಕರೆಂಟು, ಕಸದ ಗಾಡಿ, ಕಳೆದದ್ದು, ಸಿಕ್ಕಿದ್ದು, ಸಾವು, ಮದುವೆ ಶಾಮಿಯಾನದಿಂದ ಮುಚ್ಚಿದ ರಸ್ತೆ. ಏಪ್ರಿಲ್ ಬಂದರೆ ಒಂದು ಸಾಲು ಖಾಯಂ: ‘ಈ ತಿಂಗಳು ಆಸ್ತಿ ತೆರಿಗೆ ಕಟ್ಟಿದರೆ ಶೇ 5 ರಿಯಾಯಿತಿ.’ ಬೆಳಗ್ಗೆ ಐದೂಮುಕ್ಕಾಲಿಗೆ ಒರೆಸಿ ಹೊಸದಾಗಿ ಬರೆಯುತ್ತೇನೆ. ಹಾಲಿನ ಕ್ರೇಟು ಇಳಿಯುವ ಹೊತ್ತಿಗೆ ಮುಗಿದಿರಬೇಕು.

ಮೊದಲ ಆರು ತಿಂಗಳು ಎಲ್ಲ ಚೆನ್ನಾಗಿತ್ತು. ಆಮೇಲೆ ನನ್ನದೇ ಒಂದು ದೊಡ್ಡ ತಪ್ಪಾಯಿತು.

ನೀರು ಬಿಡುವವರು ಬೂತ್ ಹತ್ತಿರ ಕಾಫಿ ಕುಡಿಯುತ್ತಾ “ನಾಳೆ, ನಾಡಿದ್ದು ನೀರಿಲ್ಲ” ಅಂತ ಯಾರಿಗೋ ಹೇಳುತ್ತಿದ್ದರು. ನಾನು ಒಳಗಿಂದಲೇ ಕೇಳಿಸಿಕೊಂಡೆ. ಎಲ್ಲಿ, ಯಾಕೆ ಅಂತ ಕೇಳಲಿಲ್ಲ. ‘ಎರಡು ದಿನ ನೀರು ಬರುವುದಿಲ್ಲ’ ಎಂದು ದಪ್ಪಕ್ಕೆ ಬರೆದುಬಿಟ್ಟೆ. ಆ ದಿನ ನೀರು ಬಿಟ್ಟಾಗ ಎಲ್ಲ ಮನೆಯವರೂ ಒಟ್ಟಿಗೆ ಸಂಪು, ಡ್ರಮ್ಮು, ಬಿಂದಿಗೆ, ಕೊನೆಗೆ ಪಾಯಸದ ಪಾತ್ರೆಯನ್ನೂ ತುಂಬಿಸಿಕೊಂಡರು. ಮೇಲಿನ ರಸ್ತೆಯವರೆಲ್ಲ ಒಂದೇ ಸಲ ನಲ್ಲಿ ತಿರುಗಿಸಿದರೆ ಪೈಪಿನ ಕೊನೆಯಲ್ಲಿರುವವರಿಗೆ ಒತ್ತಡ ಎಲ್ಲಿಂದ ಬರಬೇಕು? ಕೊನೆಯ ಕ್ರಾಸಿನ ಹನ್ನೊಂದು ಮನೆಗಳಿಗೆ ಒಂದು ಹನಿಯೂ ಬರಲಿಲ್ಲ. ಮಾರನೇ ದಿನ ಎಂದಿನಂತೆ ನೀರು ಬಂತು. ಅವರು ಹೇಳಿದ್ದು ಬೇರೆ ಬಡಾವಣೆಯ ಮಾತಂತೆ! ಕೊನೆಯ ಕ್ರಾಸಿನ ಅಜ್ಜಿಯೊಬ್ಬರು ಖಾಲಿ ಕೊಡ ತಂದು ನನ್ನ ಮೆಷಿನ್ ಮೇಲೆ ಇಟ್ಟರು. “ತಗೊಳಮ್ಮ, ನಿನ್ನ ಸುದ್ದಿ ತುಂಬಿಸಿಕೊಡು” ಅಂದರು. ತಮಾಷೆಗೆ ಅಂದಿದ್ದಲ್ಲ.

ಅವತ್ತಿನಿಂದ ಬೋರ್ಡಿನ ಮೇಲೆ ‘ಅಂತೆ’ ಇಲ್ಲ. ನಮ್ಮ ಭಾಷೆಯಲ್ಲಿ ಇದೊಂದು ಅನುಕೂಲ ಇದೆ. ಸುದ್ದಿ ಹೇಳುವವರು ತಾವು ಕಂಡದ್ದೋ, ಬೇರೆಯವರಿಂದ ಕೇಳಿದ್ದೋ ಎಂದು ಬಾಯಿತಪ್ಪಿಯಾದರೂ ಹೇಳಿಬಿಡುತ್ತಾರೆ. “ಬರ್ತಾರಂತೆ”, “ಕಡಿತಾರಂತೆ”, “ಓಡಿಹೋದಳಂತೆ”. ಬಾಯಲ್ಲಿ ‘ಅಂತೆ’ ಬಂದರೆ ನಾನು ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ, ಬೋರ್ಡಿಗೆ ಹಾಕುವುದಿಲ್ಲ. ಫೋನ್ ಮಾಡಿಯೋ ನಡೆದು ಹೋಗಿಯೋ ನೋಡಿ ಬಂದ ಮೇಲೆ ‘ಅಂತೆ’ ಉದುರುತ್ತದೆ. ಆಗ ಬರೆಯುತ್ತೇನೆ, ಯಾವ ರಸ್ತೆಗೆ, ಎಷ್ಟು ಗಂಟೆಗೆ, ಯಾರು ಹೇಳಿದ್ದು ಎಂಬುದನ್ನೂ ಸೇರಿಸಿ. ಸಾಲು ಉದ್ದ ಆಗುತ್ತದೆ. ಆಗಲಿ.

2018ರಲ್ಲಿ ಈ ನಿಯಮಕ್ಕೆ ಪರೀಕ್ಷೆ ಬಂತು. ಆ ವರ್ಷ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಿಡಿಯೊಗಳು ಎಲ್ಲರ ವಾಟ್ಸಾಪಿನಲ್ಲೂ ಓಡಾಡುತ್ತಿದ್ದವು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೆಲಸ ಹುಡುಕಿಕೊಂಡು ಬಂದಿದ್ದ ಒಬ್ಬ ಮನುಷ್ಯನನ್ನು ಇದೇ ಗುಮಾನಿಯಲ್ಲಿ ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಯುವಕನೊಬ್ಬ ಸತ್ತ. ಅವನೂ ಅವನ ಜೊತೆಯವರೂ ಮಕ್ಕಳಿಗೆ ಚಾಕಲೇಟ್ ಕೊಟ್ಟಿದ್ದೇ ಗುಮಾನಿಗೆ ಕಾರಣವಾಗಿತ್ತು.

ನಮ್ಮಲ್ಲೂ ದಿನಕ್ಕೆ ಐದಾರು ಜನ ಬಂದು “ಬೋರ್ಡಿಗೆ ಬರೀರಿ, ಮಕ್ಕಳು ಹುಷಾರು ಅಂತ” ಎನ್ನುತ್ತಿದ್ದರು. ಕಂಬಳಿ ಮಾರುವವರನ್ನು ಹುಡುಗರು ಅಡ್ಡಗಟ್ಟಿ ಆಧಾರ್ ಕಾರ್ಡ್ ಕೇಳಿದರು. ಆ ಮನುಷ್ಯ ಪ್ರತಿವರ್ಷ ಬರುವವರೇ, ನಮ್ಮ ಮನೆಯಲ್ಲಿ ನೀರು ಕುಡಿದವರೇ. ನಾನು ಅಂಗಡಿ ಮುಚ್ಚಿ ಪೊಲೀಸ್ ಠಾಣೆಗೆ ಹೋದೆ. ಅಂಥ ದೂರು ಒಂದೂ ಬಂದಿಲ್ಲ ಎಂದರು. ಬೋರ್ಡಿನ ಎಂಟೂ ಸಾಲು ಒರೆಸಿ ಒಂದೇ ಸುದ್ದಿ ಬರೆದೆ: ‘ಮಕ್ಕಳ ಕಳ್ಳರ ಸುದ್ದಿ ಸುಳ್ಳು. ನಿನ್ನೆ ಸಂಜೆ ಠಾಣೆಗೆ ಹೋಗಿ ಕೇಳಿದ್ದೇನೆ. ಅನುಮಾನ ಬಂದರೆ ಪೊಲೀಸರಿಗೆ ಫೋನ್ ಮಾಡಿ, ಕೈ ಎತ್ತಬೇಡಿ.’ ನಾಲ್ಕು ದಿನ ಅದನ್ನು ಒರೆಸಲಿಲ್ಲ. “ಏನಾದರೂ ಆದರೆ ನೀವೇ ಹೊಣೆ” ಎಂದು ಒಬ್ಬರು ಬ್ಲೌಸ್ ಪೀಸ್ ವಾಪಸ್ ತೆಗೆದುಕೊಂಡು ಹೋದರು. ಏನೂ ಆಗಲಿಲ್ಲ. ಅವರು ಮತ್ತೆ ಬರಲೂ ಇಲ್ಲ.

ಸಾವಿನ ಸುದ್ದಿಯದ್ದು ಬೇರೆಯದೇ ತಕರಾರು. “ಬೆಳಗಾಗೆದ್ದು ಹಾಲು ತರೋಕೆ ಬಂದರೆ ಸಾವಿನ ಸುದ್ದಿ ಓದಬೇಕಾ?” ಎಂದು ಕೆಲವರು. ಆದರೆ ಫೋನ್ ನೋಡದ ಹಿರಿಯರು ತಮ್ಮ ಜೊತೆ ವಾಕಿಂಗ್ ಮಾಡುತ್ತಿದ್ದವರು ಹೋದದ್ದನ್ನು ತಿಥಿ ಊಟದ ದಿನ ತಿಳಿದು ಅತ್ತಿದ್ದೂ ಇದೆ. ಹಾಗಾಗಿ ಕೆಳಗಡೆ ಎಡಮೂಲೆ ಅದಕ್ಕೇ ಮೀಸಲು. ಬೇಡವಾದವರು ಆ ಕಡೆ ಕಣ್ಣು ಹಾಯಿಸದೆ ಹೋಗಬಹುದು. ಮನೆಯವರು ಒಪ್ಪಿದರೆ ಮಾತ್ರ ಬರೆಯುತ್ತೇನೆ. ಹೆಸರು, ಮನೆ ಇರುವ ಕ್ರಾಸ್, ಚಾಮುಂಡಿ ಬೆಟ್ಟದ ತಪ್ಪಲಿನ ಸ್ಮಶಾನಕ್ಕೆ ಹೊರಡುವ ಸಮಯ. ಕಾಯಿಲೆ ಬರೆಯುವುದಿಲ್ಲ.

ಹೆಸರು ಹಿಡಿದು ದೂರುವುದೂ ಇಲ್ಲ. “ಇಂಥವರ ಮನೆಯವರೇ ಮೂಲೆಯಲ್ಲಿ ಕಸ ಸುರಿಯೋದು, ಬರೀರಿ” ಎಂದು ಫೋಟೊ ಸಮೇತ ಬಂದವರಿದ್ದಾರೆ. ಒಮ್ಮೆ ಹೆಸರು ಬಿಟ್ಟು ‘ಮೂಲೆಯಲ್ಲಿ ಕಸ ಹಾಕುವವರ ಗಮನಕ್ಕೆ’ ಎಂದು ಬರೆದು ನೋಡಿದೆ. ಬೀದಿಗೆಲ್ಲ ಯಾರೆಂದು ಗೊತ್ತು. ಮಾತು ಬಿಟ್ಟರು, ಕಸ ಬಿಡಲಿಲ್ಲ. ಕೊನೆಗೆ ನಾವು ನಾಲ್ಕು ಹೆಂಗಸರು ಆ ಜಾಗ ಗುಡಿಸಿ, ಸಗಣಿ ಸಾರಿಸಿ, ದಿನಾ ರಂಗೋಲಿ ಹಾಕಿದೆವು. ರಂಗೋಲಿಯ ಮೇಲೆ ಕಸ ಹಾಕಲು ಯಾರಿಗೂ ಕೈ ಬರುವುದಿಲ್ಲ. ಮೂರು ವಾರ ಹಿಡಿಯಿತು.

ನನ್ನ ಕಾಗುಣಿತ ಅಷ್ಟಕ್ಕಷ್ಟೇ. ನಿವೃತ್ತ ಮೇಷ್ಟ್ರೊಬ್ಬರು ಜೇಬಿನಲ್ಲಿ ಸೀಮೆಸುಣ್ಣ ಇಟ್ಟುಕೊಂಡೇ ಹಾಲಿಗೆ ಬರುತ್ತಾರೆ. ‘ವಿಧ್ಯುತ್’ ಇದ್ದರೆ ಧಕಾರದ ಕಾಲು ಒರೆಸಿ ‘ವಿದ್ಯುತ್’ ಮಾಡಿ, ಏನೂ ಆಗದವರಂತೆ ಹೋಗುತ್ತಾರೆ. ನಾನು ಈಗಲೂ ಆಗಾಗ ಬೇಕೆಂದೇ ಒಂದು ತಪ್ಪು ಬಿಡುತ್ತೇನೆ. ಅವರಿಗೆ ಗೊತ್ತಾಗಿದೆಯೇನೋ.

ನನಗೆ ತುಂಬ ಇಷ್ಟದ ಸಾಲು ಬರುವುದು ನವರಾತ್ರಿಯಲ್ಲಿ. ಗೊಂಬೆ ಕೂರಿಸಿದ ಮನೆಗಳ ಪಟ್ಟಿ. ನಾವು ಚಿಕ್ಕವರಿದ್ದಾಗ “ಗೊಂಬೆ ಕೂರಿಸಿದ್ದೀರಾ?” ಅಂತ ಮನೆಮನೆ ಬಾಗಿಲು ತಟ್ಟುತ್ತಿದ್ದೆವು. ಈಗ ಅಪಾರ್ಟ್‌ಮೆಂಟುಗಳ ಗೇಟು ದಾಟುವುದೇ ಕಷ್ಟ. ಮೊದಲ ವರ್ಷ ಐದು ಮನೆಯವರು ಹೆಸರು ಕೊಟ್ಟರು. ಒಂದು ಮನೆಗೆ ಮಕ್ಕಳ ದಂಡೇ ನುಗ್ಗಿ ಚಕ್ಕುಲಿ ಡಬ್ಬ ಮೊದಲ ಸಂಜೆಯೇ ಖಾಲಿಯಾಯಿತು. ಅವರು ಬಂದು ನನ್ನನ್ನು ಬೈದು, “ಸಂಜೆ ಆರರಿಂದ ಏಳು ಮಾತ್ರ ಅಂತ ಹಾಕು” ಎಂದರು. ಈಗ ಎಲ್ಲ ಮನೆಗೂ ಸಮಯ ಹಾಕುತ್ತೇನೆ.

2023ರ ನವೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ಬೋರ್ಡಿನ ಮುಂದೆ ನಿಲ್ಲುವವರು ಜಾಸ್ತಿಯಾಗಿದ್ದಾರೆ. ಬೀದಿದೀಪ ಕೆಟ್ಟರೂ ನನಗೇ ಹೇಳುತ್ತಾರೆ. ಕಂಬದ ನಂಬರ್ ತನ್ನಿ ಅನ್ನುತ್ತೇನೆ. ಕರೆಂಟ್ ಹೋದರೆ 1912ಕ್ಕೆ ಫೋನ್ ಮಾಡಿ ಎಂದು ಬೋರ್ಡಿನ ಅಂಚಿನಲ್ಲಿ ಪೇಂಟಿನಲ್ಲೇ ಬರೆಸಿದ್ದೇನೆ.

ನಾಳೆಗೆ ಒಂದು ಚೀಟಿ ಬಾಕಿ ಇದೆ. ಪಾರ್ಕಿನ ಹೊಂಗೆ ಮರ ಕಡಿಯುತ್ತಾರಂತೆ. ಮೂರು ಜನ ಹೇಳಿದರು, ಮೂವರೂ ‘ಅಂತೆ’ ಎಂದೇ ಹೇಳಿದರು. ಬೆಳಗ್ಗೆ ಶಟರ್ ಎತ್ತುವ ಮುಂಚೆ ಟಾರ್ಚ್ ಹಿಡಿದು ಹೋಗಿ, ಮರಕ್ಕೆ ನಂಬರ್ ಏನಾದರೂ ಬರೆದಿದ್ದಾರಾ ನೋಡಿ ಬರಬೇಕು.